ಔಷಧಿಗೆ ಮುಂಚೆ ಒಂದು ಸ್ಲೈಡ್: ಮೊಲ, ಇಲಿಗಳ ಹಿಕ್ಕೆ ಪರೀಕ್ಷೆ ಹೀಗೆ

ಮಳೆ ಹಿಡಿಯಿತೆಂದರೆ ಕಾರವಾರದಿಂದ ಶಿರಸಿಯವರೆಗೆ ಯಾವ ಪಂಜರದ ತಳವೂ ಒಣಗುವುದಿಲ್ಲ. ಪ್ರಯೋಗಾಲಯದ ಮೊಲಗಳಲ್ಲಿ ಕಾಕ್ಸಿಡಿಯಾ ಎಂಬ ಏಕಕೋಶ ಪರಾವಲಂಬಿ ಹಬ್ಬಲು ಬೇಕಾದ್ದೂ ಇದೇ ತೇವ. ಮರಿ ಭೇದಿ ಮಾಡಿದ ಕೂಡಲೇ ಕೈಗೆ ಸಿಕ್ಕ ಜಂತಿನ ಔಷಧಿ ಕುಡಿಸುವವರುಂಟು. ಕಾಕ್ಸಿಡಿಯಾ ಹುಳವಲ್ಲ, ಜಂತಿನ ಔಷಧಿಗೆ ಬಗ್ಗುವುದಿಲ್ಲ. ಮೊದಲು ಹಿಕ್ಕೆ ನೋಡಿ.

ಉಪ್ಪುನೀರಿನಿಂದ ಶುರು ಮಾಡೋಣ. ಒಂದು ಲೀಟರ್ ಬಿಸಿನೀರಿಗೆ ಸುಮಾರು 400 ಗ್ರಾಂ ಉಪ್ಪು ಹಾಕಿ ಕಲಕಿ. ತಣಿದಾಗ ತಳದಲ್ಲಿ ಚೂರು ಉಪ್ಪು ಕರಗದೆ ಉಳಿಯಬೇಕು. ಉಳಿಯದಿದ್ದರೆ ಇನ್ನಷ್ಟು ಹಾಕಿ. ಸಾಣಿಕಟ್ಟಾದ ಕಲ್ಲುಪ್ಪು ಧಾರಾಳ ಸಾಕು, ಆದರೆ ಆಗರದ ಮಣ್ಣು ಸ್ಲೈಡಿಗೆ ಬರದಂತೆ ಬಟ್ಟೆಯಲ್ಲಿ ಸೋಸಿಕೊಳ್ಳಿ. ಈ ನೀರಿನ ಸಾಂದ್ರತೆ ಸುಮಾರು 1.2. ಹಿಕ್ಕೆಯಲ್ಲಿರುವ ಪರಾವಲಂಬಿಗಳ ಮೊಟ್ಟೆಗಳು ಇದಕ್ಕಿಂತ ಹಗುರ, ಹಾಗಾಗಿ ತೇಲುತ್ತವೆ.

ಮೂತ್ರ ತಾಗದ ತಾಜಾ ಹಿಕ್ಕೆಯನ್ನು ಪ್ರತಿ ಪಂಜರದಿಂದ ಬೇರೆಬೇರೆಯಾಗಿ ತೆಗೆಯಿರಿ. ಕೈಗವಸು ಬೇಕೇ ಬೇಕು: ಇಲಿಗಳ ಕುಬ್ಜ ಲಾಡಿಹುಳ ಮನುಷ್ಯರಿಗೂ ಹತ್ತುತ್ತದೆ. ಎರಡು ಮೂರು ಹಿಕ್ಕೆ ಉಪ್ಪುನೀರಿನಲ್ಲಿ ಕಿವುಚಿ, ಟೀ ಜಾಲರಿಯಲ್ಲಿ ಸೋಸಿ, ಸಣ್ಣ ಕೊಳವೆಗೆ ಅಂಚು ಉಬ್ಬುವಷ್ಟು ತುಂಬಿ. ಮೇಲೆ ಕವರ್‌ಸ್ಲಿಪ್ ಎಂಬ ತೆಳು ಗಾಜಿನ ಚೂರು ಇಟ್ಟು 15ರಿಂದ 20 ನಿಮಿಷ ಬಿಡಿ. ನೆಟ್ಟಗೆ ಎತ್ತಿ ಸ್ಲೈಡಿಗಿಟ್ಟು ಮೈಕ್ರೋಸ್ಕೋಪಿನ 10 ಪಟ್ಟಿನ ಮಸೂರದಲ್ಲಿ ಕೂಡಲೇ ನೋಡಿ. ತಡವಾದರೆ ಕಾಣುವುದು ಉಪ್ಪಿನ ಹರಳು ಮಾತ್ರ.

ಕಾಕ್ಸಿಡಿಯಾದ ಊಸಿಸ್ಟ್ (ಹಿಕ್ಕೆಯಲ್ಲಿ ಹೊರಬೀಳುವ ಮೊಟ್ಟೆಯಂಥ ಹಂತ) ಅಂಡಾಕಾರ, ಸ್ಪಷ್ಟ ಗೋಡೆ, ಒಳಗೊಂದು ಕಾಳಿನಂಥ ಉಂಡೆ. ಹೊಸಬರು ಎಡವುವುದು ಇಲ್ಲೇ. ಮೊಲದ ಹೊಟ್ಟೆಯಲ್ಲಿ ಸಹಜವಾಗಿಯೇ ಇರುವ ಸಿನಿಕ್ಲೋಮೈಸಿಸ್ ಎಂಬ ಯೀಸ್ಟ್ ಕೂಡ ಉದ್ದುದ್ದ ಅಂಡಾಕಾರದ್ದು. ಅದು ಸಪೂರ, ಚಿಕ್ಕದು. ಅದಕ್ಕೆ ಚಿಕಿತ್ಸೆ ಬೇಡ. ಮೊಲದ ಸೂಜಿಹುಳದ ಮೊಟ್ಟೆ ಸುಮಾರು 100 ಮೈಕ್ರಾನ್ ಉದ್ದ, ಒಂದು ಬದಿ ಚಪ್ಪಟೆ. ಐಮೇರಿಯಾ ಸ್ಟೀಡೆ ಎಂಬ ಕಾಕ್ಸಿಡಿಯಾ ಜಾತಿ ರೋಗ ತರುವುದು ಪಿತ್ತಜನಕಾಂಗಕ್ಕಾದರೂ ಅದರ ಊಸಿಸ್ಟ್ ಪಿತ್ತರಸದೊಡನೆ ಇಳಿದು ಹಿಕ್ಕೆಯಲ್ಲೇ ಸಿಗುತ್ತದೆ.

ಇಲಿಗಳಿಗೆ ಇಷ್ಟೇ ಸಾಲದು. ಸಿಫೇಸಿಯಾ ಎಂಬ ಸೂಜಿಹುಳ ಮೊಟ್ಟೆಯಿಡುವುದು ಗುದದ ಸುತ್ತಲ ಚರ್ಮದ ಮೇಲೆ. ಅಲ್ಲಿಗೆ ಪಾರದರ್ಶಕ ಟೇಪ್ ಒತ್ತಿ, ಅದನ್ನೇ ಸ್ಲೈಡಿಗಂಟಿಸಿ ನೋಡಬೇಕು. ಸುಂಡಿಲಿಯ ಇನ್ನೊಂದು ಸೂಜಿಹುಳ ಆಸ್ಪಿಕ್ಯುಲೂರಿಸ್ ಇದಕ್ಕೆ ತದ್ವಿರುದ್ಧ, ಮೊಟ್ಟೆ ಹಿಕ್ಕೆಯಲ್ಲೇ. ಎರಡೂ ಪರೀಕ್ಷೆ ಮಾಡಿ. ಒಂದು ಸಲ ಏನೂ ಕಾಣಲಿಲ್ಲವೆಂದು ಕೊಠಡಿ ಶುದ್ಧವೆಂದು ಬರೆದುಬಿಡಬೇಡಿ.

ಊಸಿಸ್ಟ್ ಸಿಕ್ಕಿತೇ? ಅದು ಹೊರಬಿದ್ದ ಕೂಡಲೇ ಸೋಂಕು ತಗಲಿಸದು. ಗಾಳಿ, ತೇವದಲ್ಲಿ ಒಂದೆರಡು ದಿನವಾದರೂ ಬಲಿಯಬೇಕು. ರಾತ್ರಿ ಮೊಲ ತನ್ನದೇ ಮೆತ್ತನೆ ಹಿಕ್ಕೆ ತಿನ್ನುವುದರಿಂದ ಅಪಾಯವಿಲ್ಲದಿರುವುದು ಇದಕ್ಕೇ. ಹಾಗಾಗಿ ಪಂಜರದಡಿಯ ಹಿಕ್ಕೆ ತಟ್ಟೆಯನ್ನು ದಿನವೂ ಬದಲಿಸಿದರೆ ಅರ್ಧ ಕೆಲಸ ಮುಗಿದಂತೆ. ಫಿನಾಯಿಲ್ ನೆಚ್ಚಬೇಡಿ. ಕುದಿನೀರು ಹೊಯ್ದು ಪೂರ್ತಿ ಒಣಗಿಸಿ; ಆಷಾಢದಲ್ಲಿ ಬಿಸಿಲಿಲ್ಲ, ಫ್ಯಾನ್ ಹಾಕಿ. ಬೆಟ್ಟದ ಹುಲ್ಲು ತರುವಾಗ ನಾಯಿ ತಿರುಗಾಡುವ ಜಾಗ ಬಿಡಿ: ನಾಯಿಯ ಲಾಡಿಹುಳದ ಮೊಟ್ಟೆ ಹುಲ್ಲಿನ ಜತೆ ಮೊಲದ ಹೊಟ್ಟೆ ಸೇರಿದರೆ ಒಳಗೆ ನೀರುಗುಳ್ಳೆಗಳಾಗುತ್ತವೆ. ಅದು ಹಿಕ್ಕೆಯಲ್ಲಿ ಕಾಣುವುದಿಲ್ಲ.

ಔಷಧಿ ಪಶುವೈದ್ಯರ ಮಾತು. ಕಾಕ್ಸಿಡಿಯಾಕ್ಕೆ ಸಲ್ಫಾ ಗುಂಪಿನದು, ಸೂಜಿಹುಳಕ್ಕೆ ಫೆನ್‌ಬೆಂಡಜೋಲ್ ಸಾಮಾನ್ಯ. ಪ್ರಯೋಗ ನಡೆಯುತ್ತಿದ್ದರೆ ಸಂಶೋಧಕರಿಗೆ ಮುಂಚೆ ತಿಳಿಸಿ. ಹುಳದಂತೆ ಔಷಧಿಯೂ ಫಲಿತಾಂಶ ಕೆಡಿಸಬಲ್ಲದು. ಸಿಫೇಸಿಯಾದ ಮೊಟ್ಟೆ ಧೂಳಿನಲ್ಲಿ ಹಾರುತ್ತದೆ, ಆದ್ದರಿಂದ ಒಂದೇ ಪಂಜರಕ್ಕಲ್ಲ, ಕೊಠಡಿಯ ಅಷ್ಟೂ ಪ್ರಾಣಿಗಳಿಗೆ ಒಟ್ಟಿಗೇ ಚಿಕಿತ್ಸೆ ಆಗಬೇಕು.