ಕೊಳ ಹಸಿರಾಯಿತೇ? ಮೈಲುತುತ್ತ ಪಕ್ಕಕ್ಕಿಡಿ, ಪಿಎಚ್ ನೋಡಿ

ಮಳೆಗಾಲದಲ್ಲಿ ಈಜುವವರಿಲ್ಲ, ಕರೆಂಟೂ ಇರುವುದಿಲ್ಲ. ಪಂಪ್ ನಿಲ್ಲುತ್ತದೆ, ಎಲೆ ಉದುರುತ್ತದೆ. ದಸರೆ ರಜೆಗೆ ಬುಕಿಂಗ್ ಬರತೊಡಗಿದಾಗ ಟಾರ್ಪಾಲು ಸರಿಸಿದರೆ ಮಲೆನಾಡಿನ ಹೋಂಸ್ಟೇ ಕೊಳದಲ್ಲಿ ಒಂದೆಲಗದ ತಂಬುಳಿ!

ಅಡಿಕೆ ತೋಟದವರ ಕೈ ಆಗ ಹೋಗುವುದು ತೋಟಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ತಂದು ಉಳಿದ ಮೈಲುತುತ್ತದ (ತಾಮ್ರದ ಸಲ್ಫೇಟ್) ಕಡೆಗೆ. ಅದನ್ನು ಹಾಕಿದರೆ ಪಾಚಿಯೇನೋ ಸಾಯುತ್ತದೆ. ಆದರೆ ತಾಮ್ರ ನೀರಲ್ಲೇ ಉಳಿದು, ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ಏರಿದಾಗ ಗೋಡೆಗೆ ಕಲೆ ಕಟ್ಟುತ್ತದೆ. ಈಜುವವರ ಬಿಳಿಗೂದಲು ಹಸಿರಾಗುವುದೂ ತಾಮ್ರದಿಂದಲೇ. ಪಾಪ, ಬೈಗುಳ ತಿನ್ನುವುದು ಕ್ಲೋರಿನ್. ಪಾಚಿಗೆ ಮದ್ದು ಕ್ಲೋರಿನ್ನೇ. ಎಷ್ಟು ಹಾಕಿದಿರಿ ಎನ್ನುವುದಕ್ಕಿಂತ ಎಷ್ಟು ಹೊತ್ತು ಆ ಮಟ್ಟ ಇಳಿಯದಂತೆ ನೋಡಿಕೊಂಡಿರಿ ಎನ್ನುವುದು ಮುಖ್ಯ.

ಮೊದಲು ಬಲೆ ಹಾಕಿ ಎಲೆ, ಕಡ್ಡಿ, ತಳದ ಕೆಸರು ಎತ್ತಿ. ಕೊಳೆತ ಎಲೆ ಒಳಗಿಟ್ಟುಕೊಂಡು ಕ್ಲೋರಿನ್ ಸುರಿಯುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ‘ಎಲ್ಲ ಖಾಲಿ ಮಾಡಿ ಹೊಸ ನೀರು ತುಂಬಿಬಿಡೋಣ’ ಎನ್ನುವವರಿದ್ದಾರೆ. ಮಳೆ ಬಿಟ್ಟ ಹೊಸತರಲ್ಲಿ ಅದು ಬೇಡ. ಅಂತರ್ಜಲ ಮೇಲಿರುವಾಗ ಖಾಲಿ ಕೊಳವನ್ನು ನೆಲದಡಿಯ ನೀರು ದೋಣಿಯಂತೆ ಮೇಲಕ್ಕೆತ್ತಬಲ್ಲದು. ಬಿರುಕು ಬಿಟ್ಟರೆ ರಿಪೇರಿಯ ಖರ್ಚು ನಿಮ್ಮದು.

ಈಗ ಅಳತೆ. ಹಳದಿ ಬಣ್ಣ ತೋರಿಸುವ ಅಗ್ಗದ ಕಿಟ್ ಒಟ್ಟು ಕ್ಲೋರಿನ್ ಹೇಳುತ್ತದೆ, ಅದರಲ್ಲಿ ಕೆಲಸಕ್ಕೆ ಬರುವ ಮುಕ್ತ ಕ್ಲೋರಿನ್ ಎಷ್ಟೆಂದು ಹೇಳುವುದಿಲ್ಲ. ಗುಲಾಬಿ ಬಣ್ಣ ಬರುವ ಡಿಪಿಡಿ ಕಿಟ್ ತನ್ನಿ. ಅದಕ್ಕೂ ಒಂದು ಚಾಳಿಯಿದೆ: ಕ್ಲೋರಿನ್ ವಿಪರೀತವಾದರೆ ಬಣ್ಣವೇ ಬಿಳಚಿಕೊಂಡು ಸೊನ್ನೆ ಎಂದು ತೋರಿಸುತ್ತದೆ. ನಮ್ಮ ಭಾವ ಗುಲಾಬಿ ಬರಲಿಲ್ಲವೆಂದು ಇನ್ನೊಂದು ಕ್ಯಾನ್ ಸುರಿದಿದ್ದರು. ಅನುಮಾನ ಬಂದರೆ ಮಾದರಿಗೆ ಅಷ್ಟೇ ಕುಡಿಯುವ ನೀರು ಬೆರೆಸಿ ನೋಡಿ, ಬಂದ ಅಂಕಿಯನ್ನು ಎರಡರಿಂದ ಗುಣಿಸಿ.

ಕ್ಲೋರಿನ್‌ಗೆ ಮುನ್ನ ಪಿಎಚ್ ಅನ್ನು 7.2ರ ಆಸುಪಾಸಿಗೆ ತನ್ನಿ. ಪಾಚಿ ಕೊಲ್ಲುವ ಶಕ್ತಿ ಇರುವುದು ಹೈಪೋಕ್ಲೋರಸ್ ಆಮ್ಲಕ್ಕೆ. ಪಿಎಚ್ 7.5ರಲ್ಲಿ ಕ್ಲೋರಿನ್‌ನ ಸುಮಾರು ಅರ್ಧ ಭಾಗ ಆ ರೂಪದಲ್ಲಿರುತ್ತದೆ, 8ಕ್ಕೆ ಏರಿದರೆ ಕಾಲು ಭಾಗಕ್ಕೆ ಬರುತ್ತದೆ. ಇಳಿಸಲು ಹೈಡ್ರೋಕ್ಲೋರಿಕ್ ಆ್ಯಸಿಡ್, ಏರಿಸಲು ವಾಷಿಂಗ್ ಸೋಡಾ. ಕ್ಲೋರಿನ್ 10 ಪಿಪಿಎಂ (ಲೀಟರಿಗೆ 10 ಮಿಲಿಗ್ರಾಂ) ದಾಟಿದ ಮೇಲೆ ಪಿಎಚ್ ಪರೀಕ್ಷೆಯ ಬಣ್ಣವನ್ನು ನಂಬುವಂತಿಲ್ಲ, ಹಾಗಾಗಿ ಈ ಕೆಲಸ ಮೊದಲೇ ಮುಗಿಯಬೇಕು. ಬೆಂಗಳೂರಿನ ಬೋರ್‌ವೆಲ್ ನೀರಿನಲ್ಲಿ ಸುಣ್ಣದಂಶ ಹೆಚ್ಚು, ಪಿಎಚ್ ಮೇಲೇರುತ್ತಲೇ ಇರುತ್ತದೆ. ಅಬ್ಬಿ ನೀರು ಮೆದು. ಅದರಲ್ಲಿ ಚೂರು ಆ್ಯಸಿಡ್‌ಗೂ ಪಿಎಚ್ ದಡಕ್ಕನೆ ಕುಸಿಯುತ್ತದೆ. ಅಡುಗೆ ಸೋಡಾ ಹಾಕಿ ಕ್ಷಾರೀಯತೆಯನ್ನು (ಪಿಎಚ್ ಕುಸಿಯದಂತೆ ತಡೆಯುವ ಗುಣ) 80 ಪಿಪಿಎಂಗಾದರೂ ಏರಿಸಿಕೊಳ್ಳಿ.

ಇನ್ನೊಂದು ಹೆಸರು ನೆನಪಿಡಿ, ಸಯನ್ಯೂರಿಕ್ ಆಮ್ಲ. ಇದು ಬಿಸಿಲಿನಲ್ಲಿ ಕ್ಲೋರಿನ್‌ಗೆ ಹಿಡಿದ ಕೊಡೆ. ಇಲ್ಲದಿದ್ದರೆ ಸುಡುಬಿಸಿಲಿಗೆ ಒಂದು ತಾಸಿನೊಳಗೆ ಅರ್ಧ ಕ್ಲೋರಿನ್ ಮಾಯ. ಆದರೆ ಕೊಡೆ ದೊಡ್ಡದಾದಷ್ಟೂ ಕ್ಲೋರಿನ್ ಸೋಮಾರಿಯಾಗುತ್ತದೆ. 30ರಿಂದ 50 ಪಿಪಿಎಂ ಸಾಕು. ವರ್ಷಗಟ್ಟಲೆ ಟಿಸಿಸಿಎ 90 ಎಂಬ ಕ್ಲೋರಿನ್ ಮಾತ್ರೆಯನ್ನೇ ಹಾಕುತ್ತ ಬಂದ ಕೊಳದಲ್ಲಿ ಇದು ನೂರು ದಾಟಿದರೆ ಅಚ್ಚರಿಯಿಲ್ಲ, ಏಕೆಂದರೆ ಆ ಮಾತ್ರೆಯಿಂದ 10 ಪಿಪಿಎಂ ಕ್ಲೋರಿನ್ ಸಿಕ್ಕಾಗಲೆಲ್ಲ ಸುಮಾರು 6 ಪಿಪಿಎಂ ಸಯನ್ಯೂರಿಕ್ ಆಮ್ಲವೂ ಸೇರುತ್ತದೆ. ಇದನ್ನು ಇಳಿಸಲು ಸುಲಭದ ಪುಡಿ ಯಾವುದೂ ಇಲ್ಲ. ಸ್ವಲ್ಪ ಸ್ವಲ್ಪವಾಗಿ ಹಳೆ ನೀರು ಬಿಟ್ಟು ಹೊಸ ನೀರು ತುಂಬಬೇಕು.

ಪಾಚಿ ಕೊಲ್ಲಲು ಮುಕ್ತ ಕ್ಲೋರಿನ್ ಸಯನ್ಯೂರಿಕ್ ಆಮ್ಲದ ಸುಮಾರು ಶೇ 40ರಷ್ಟಿರಬೇಕು. ಆಮ್ಲ 30 ಇದ್ದರೆ ಕ್ಲೋರಿನ್ 12. ಕೊಳ 10 ಮೀಟರ್ ಉದ್ದ, 5 ಮೀಟರ್ ಅಗಲ, ಸರಾಸರಿ 1.2 ಮೀಟರ್ ಆಳವೆಂದರೆ 60,000 ಲೀಟರ್. ಅದಕ್ಕೆ ಪ್ರತಿ ಪಿಪಿಎಂಗೆ ಶೇ 12ರ ಸೋಡಿಯಂ ಹೈಪೋಕ್ಲೋರೈಟ್ ಅರ್ಧ ಲೀಟರ್, 12 ಪಿಪಿಎಂಗೆ 6 ಲೀಟರ್. ಕ್ಯಾನ್ ಹಳೆಯದಾದರೆ ಕಸುವು ಇಳಿದಿರುತ್ತದೆ, ಹಾಕಿದ ಮೇಲೆ ಅಳೆದೇ ನೋಡಿ. ಹೊತ್ತು ಮುಳುಗಿದ ಮೇಲೆ, ಪಂಪ್ ಓಡುತ್ತಿರುವಾಗ, ನೀರು ಒಳಬರುವ ಬಾಯಿಯ ಬಳಿ ನಿಧಾನವಾಗಿ ಸುರಿಯಿರಿ.

ಇಲ್ಲಿ ಉಡಾಫೆ ಕೂಡದು. ಆ್ಯಸಿಡ್ ಮತ್ತು ಹೈಪೋಕ್ಲೋರೈಟ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಟಿಸಿಸಿಎ ಮತ್ತು ಬ್ಲೀಚಿಂಗ್ ಪೌಡರ್ ಸೇರಿದರೆ ಬೆಂಕಿ ಹೊತ್ತಬಹುದು. ಎರಡಕ್ಕೂ ಒಂದೇ ಬಕೆಟ್, ಒಂದೇ ಚಮಚ ಬಳಸಬೇಡಿ. ರಾಸಾಯನಿಕವನ್ನು ನೀರಿಗೆ ಹಾಕಬೇಕೇ ಹೊರತು ಅದರ ಮೇಲೆ ನೀರು ಸುರಿಯಬಾರದು. ಕಂಡದ್ದನ್ನೆಲ್ಲ ಸುರಿಯುವುದೂ ಸಲ್ಲ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಡೈವಿಂಗ್ ಕೊಳ ಹಸಿರಾದಾಗ ಸಂಘಟಕರು ಕೊಟ್ಟ ಕಾರಣ, ನೀರಿಗೆ ಹಾಕಿದ್ದ ಹೈಡ್ರೋಜನ್ ಪೆರಾಕ್ಸೈಡ್ ಕ್ಲೋರಿನ್ ಅನ್ನೇ ನಿಷ್ಕ್ರಿಯಗೊಳಿಸಿತ್ತು ಎಂಬುದು.

ಮರುದಿನದಿಂದ ಮೈಮುರಿಯುವ ಕೆಲಸ. ಗೋಡೆ, ಮೂಲೆ, ಏಣಿಯ ಹಿಂಬದಿ, ದೀಪದ ಸುತ್ತ ಬ್ರಷ್ ಹಾಕಿ ಉಜ್ಜಿ; ಲೋಳೆ ಪದರದಡಿ ಕೂತ ಪಾಚಿಗೆ ಕ್ಲೋರಿನ್ ಮುಟ್ಟುವುದಿಲ್ಲ. ದಿನಕ್ಕೆ ಮೂರ್ನಾಲ್ಕು ಸಲ ಅಳೆದು, ಇಳಿದಷ್ಟನ್ನು ಮತ್ತೆ ತುಂಬಿ. ಸೋಲುವವರು ಇಲ್ಲೇ ಸೋಲುತ್ತಾರೆ: ಶನಿವಾರ ಒಂದು ಕ್ಯಾನ್ ಹಾಕಿ, ಮುಂದಿನ ಶನಿವಾರ ಬಂದು ನೋಡುತ್ತಾರೆ. ಅಷ್ಟರಲ್ಲಿ ಪಾಚಿ ಮತ್ತೆ ಸಂಸಾರ ಹೂಡಿರುತ್ತದೆ. ಫಿಲ್ಟರ್ ಹಗಲೂ ರಾತ್ರಿ ಓಡಲಿ. ಒತ್ತಡದ ಮಾಪಕ, ಫಿಲ್ಟರ್ ಶುಭ್ರವಾಗಿದ್ದಾಗಿನ ಅಂಕಿಗಿಂತ ಶೇ 25ರಷ್ಟು ಏರಿದಾಗ ನೀರನ್ನು ಹಿಮ್ಮುಖವಾಗಿ ಹರಿಸಿ ಫಿಲ್ಟರ್ ತೊಳೆಯುವ ಬ್ಯಾಕ್‌ವಾಷ್ ಮಾಡಿ.

ಹಸಿರು ಹೋಗಿ ನೀರು ಮಜ್ಜಿಗೆ ತೆಳ್ಳಗಾದಂತೆ ಕಂಡರೆ ಗಾಬರಿ ಬೇಡ, ಅದು ಸತ್ತ ಪಾಚಿ. ಫಿಲ್ಟರ್‌ಗೆ ಬಿಡುವು ಕೊಡದೆ ಕಾಯಿರಿ. ನೀರು ತಿಳಿಯಾಗಿದ್ದೂ ಹಸಿರು ಅಥವಾ ಚಹಾದ ಬಣ್ಣವಿದ್ದರೆ ಅದು ಪಾಚಿಯಲ್ಲ, ತಾಮ್ರವೋ ಕಬ್ಬಿಣವೋ ಇರಬಹುದು.

ಕೆಲಸ ಮುಗಿದದ್ದು ಗೊತ್ತಾಗುವುದು ರಾತ್ರಿಯ ಪರೀಕ್ಷೆಯಲ್ಲಿ. ಕತ್ತಲಾದ ಮೇಲೆ ಕ್ಲೋರಿನ್ ಅಳೆಯಿರಿ, ಸೂರ್ಯ ಹುಟ್ಟುವ ಮುನ್ನ ಮತ್ತೆ ಅಳೆಯಿರಿ. ಬಿಸಿಲಿಲ್ಲದಿದ್ದರೂ 1 ಪಿಪಿಎಂಗಿಂತ ಹೆಚ್ಚು ಇಳಿದಿದ್ದರೆ ಅದನ್ನು ತಿನ್ನುವ ಜೀವ ನೀರಿನಲ್ಲಿ ಇನ್ನೂ ಇದೆ, ಕಣ್ಣಿಗೆ ಕಾಣದಿದ್ದರೂ. ಅಷ್ಟು ಇಳಿಯದೆ, ತಳದ ಜಾಲರಿ ಸ್ಪಷ್ಟವಾಗಿ ಕಂಡರೆ ಸಾಕು. ಆಮೇಲೆ ಕ್ಲೋರಿನ್ ತಾನಾಗಿ 3–4 ಪಿಪಿಎಂಗೆ ಇಳಿಯಲು ಬಿಟ್ಟು ಅತಿಥಿಗಳನ್ನು ಇಳಿಸಿ. ಬ್ಯಾಕ್‌ವಾಷ್ ನೀರನ್ನು ಮಾತ್ರ ನೇರ ಹಳ್ಳಕ್ಕೆ ಬಿಡಬೇಡಿ, ಮೀನು ಸಾಯುತ್ತವೆ. ಗುಂಡಿಯಲ್ಲಿ ಕೆಲವು ದಿನ ಬಿಸಿಲಿಗೆ ನಿಲ್ಲಿಸಿ, ಕ್ಲೋರಿನ್ ಸೊನ್ನೆಯಾಗಿದೆಯೆಂದು ಅಳೆದು ನೋಡಿ ಬಿಡಿ.