ಮೇಜಿನ ಮೇಲೊಂದು ಕ್ಯೂರಿಂಗ್ ವರ್ಕ್ಸ್

ಚಿಕ್ಕಮಗಳೂರಿನ ಕೆ.ಎಂ. ರಸ್ತೆಯಲ್ಲಿ ಯಾವುದಾದರೂ ಕಾಫಿ ಕ್ಯೂರಿಂಗ್ ವರ್ಕ್ಸ್ (ಕಾಫಿ ಬೀಜದ ಹೊಟ್ಟು ತೆಗೆದು ಹಸನು ಮಾಡುವ ಕಾರ್ಖಾನೆ) ಕಂಡರೆ ಎಪ್ಪತ್ತು ಹೆಜ್ಜೆ ದೂರ ನಿಂತು ನೋಡಿ. ಬಾಗಿಲ ಚಿಲಕ ಕಾಣುವುದಿಲ್ಲ. ಬೋರ್ಡಿನ ದೊಡ್ಡ ಅಕ್ಷರ ಓದಬಹುದು, ಕೆಳಗಿನ ಫೋನ್ ನಂಬರು ಓದಲಾಗದು. ಕಣ್ಣಿಗೆ ಬೀಳುವುದು ಚಾವಣಿ, ಗೋಡೆ ಮೇಲೆ ಮಳೆನೀರು ಇಳಿದ ಕಪ್ಪು ಗೆರೆ, ಹೊಟ್ಟು ಎಳೆಯುವ ಕೊಳವೆ, ಚೀಲದ ರಾಶಿ. ಮಾದರಿ ರೈಲಿನ ಪಕ್ಕ ಕಾರ್ಖಾನೆ ಕಟ್ಟುವವರಿಗೆ ಬೇಕಾದ್ದೂ ಇಷ್ಟೇ. ಎಚ್‌ಒ ಎಂಬ ಮಾದರಿ ರೈಲಿನ ಅಳತೆ ಎಂದರೆ 1:87, ನಿಜದ 87 ಅಡಿ ಇಲ್ಲಿ ಒಂದಡಿ. ಮೇಜಿನಿಂದ ಎರಡಡಿ ದೂರ ಕೂತರೆ, ಅದು ನಿಜದಲ್ಲಿ 174 ಅಡಿ ದೂರ ನಿಂತ ಲೆಕ್ಕ. ಅಷ್ಟು ದೂರದಿಂದ ಕಾಣದ್ದನ್ನೆಲ್ಲ ಮಾಡಲು ಕೂತರೆ ಕಣ್ಣೂ ಹೋಗುತ್ತದೆ, ಭಾನುವಾರವೂ ಹೋಗುತ್ತದೆ.

ನಮ್ಮೂರಿಗೆ ಕಡೂರಿನಿಂದ ರೈಲು ಬಂದದ್ದೇ 2013ರಲ್ಲಿ. ಕಾಫಿ ಚೀಲಗಳು ಲಾರಿಯಲ್ಲೇ ಘಾಟಿ ಇಳಿದು ಮಂಗಳೂರು ಬಂದರು ಸೇರುತ್ತವೆ. ಹಾಗಂತ ನಮ್ಮ ಮೇಜಿನ ಮೇಲೆ ಕ್ಯೂರಿಂಗ್ ವರ್ಕ್ಸ್‌ಗೆ ಒಂದು ಸೈಡಿಂಗ್ (ಮುಖ್ಯ ಹಳಿಯಿಂದ ಕವಲೊಡೆದ ಪಕ್ಕದ ಹಳಿ) ಎಳೆಯಲು ಯಾರಪ್ಪಣೆಯೂ ಬೇಕಿಲ್ಲ.

ಅಳತೆ

ಒಂದಡಿಗೆ ಮೂರೂವರೆ ಮಿ.ಮೀ. ಇಷ್ಟು ಬಾಯಿಪಾಠವಾದರೆ ಸಾಕು. ಐದೂವರೆ ಅಡಿ ಆಳು 19 ಮಿ.ಮೀ. ಆಗುತ್ತಾನೆ. ರಟ್ಟಿನಲ್ಲಿ ಅಂಥ ಒಬ್ಬ ಆಳನ್ನು ಕತ್ತರಿಸಿ ಇಟ್ಟುಕೊಳ್ಳಿ. ಬಾಗಿಲು, ಕಿಟಕಿ, ಮೆಟ್ಟಿಲು ಏನೇ ಮಾಡಿದರೂ ಅವನನ್ನು ಪಕ್ಕದಲ್ಲಿ ನಿಲ್ಲಿಸಿ ನೋಡಿ. ಸ್ಕೇಲಿಗಿಂತ ಬೇಗ ತಪ್ಪು ಹಿಡಿಯುವವನು ಅವನೇ.

ನಮ್ಮ ರೈಲ್ವೆಯ ಗೂಡ್ಸ್ ಪ್ಲಾಟ್‌ಫಾರಂ ಎತ್ತರ 1065 ಮಿ.ಮೀ., ನಮಗೆ ಸುಮಾರು 12. ಈ ಎತ್ತರವನ್ನು ಹಳಿಯ ತಲೆಯಿಂದ ಅಳೆಯಬೇಕು, ಮೇಜಿನ ಹಲಗೆಯಿಂದಲ್ಲ. ನಾನು ಹಲಗೆಯಿಂದ ಅಳೆದು, ಅಂಟು ಒಣಗಿದ ಮೇಲೆ ವ್ಯಾಗನ್ ತಂದು ನಿಲ್ಲಿಸಿದರೆ ಅದರ ಬಾಗಿಲು ಹಮಾಲಿಯ ಎದೆ ಮಟ್ಟಕ್ಕಿತ್ತು. ಪ್ಲಾಟ್‌ಫಾರಂ ಅಂಟಿಸುವ ಮುಂಚೆ ನಿಮ್ಮಲ್ಲಿರುವ ಅತಿ ಅಗಲದ ವ್ಯಾಗನ್ ಒಂದನ್ನು ಓಡಿಸಿಯೂ ನೋಡಿ.

ಗೋಡೆಗೆ 3 ಮಿ.ಮೀ. ಸನ್‌ಬೋರ್ಡ್ ಸಾಕು. ಫ್ಲೆಕ್ಸ್ ಅಂಗಡಿಯಲ್ಲಿ ಕತ್ತರಿಸಿ ಉಳಿದ ತುಂಡು ಕೇಳಿದರೆ ಕೊಡುತ್ತಾರೆ. ಥರ್ಮಾಕೋಲ್ ಬೇಡ, ಸ್ಪ್ರೇ ಬಣ್ಣ ತಾಗಿದರೆ ಕರಗಿ ಹಳ್ಳ ಬೀಳುತ್ತದೆ. ಕಿಟಕಿಯ ಪ್ಲಾಸ್ಟಿಕ್ಕಿಗೆ ಸೂಪರ್ ಗ್ಲೂ ಕೂಡದು, ಅದರ ಆವಿಗೆ ಗಾಜು ಬೆಳ್ಳಗೆ ಮಂಜಾಗುತ್ತದೆ. ಅಲ್ಲಿಗೆ ಫೆವಿಕಾಲ್.

ಚಾವಣಿ

ರೈಲಿನ ಮೇಜನ್ನು ನಾವು ನೋಡುವುದು ಹದ್ದಿನ ಹಾಗೆ, ಮೇಲಿನಿಂದ. ಆದ್ದರಿಂದ ಅರ್ಧ ಕೆಲಸ ಚಾವಣಿಯದ್ದೇ, ಅವಸರ ಬೇಡ.

ಹಾರ್ಡ್‌ವೇರ್ ಅಂಗಡಿಯಲ್ಲಿ ಉದ್ದಕ್ಕೂ ಥ್ರೆಡ್ ಇರುವ ರಾಡು ಸಿಗುತ್ತದೆ. 5 ಎಂ.ಎಂ.ದೊಂದು, 12 ಎಂ.ಎಂ.ದೊಂದು ತನ್ನಿ. ಜಿಂಕ್ ತಗಡಿನ ಅಲೆಯಿಂದ ಅಲೆಗೆ ಮೂರಿಂಚು, 87ರಿಂದ ಭಾಗಿಸಿದರೆ 0.88 ಮಿ.ಮೀ. 5 ಎಂ.ಎಂ. ರಾಡಿನಲ್ಲಿ ಥ್ರೆಡ್ಡಿನಿಂದ ಥ್ರೆಡ್ಡಿಗೆ 0.8. ಸಿಮೆಂಟ್ ಶೀಟಿನ ಅಲೆ 146 ಮಿ.ಮೀ., ನಮಗೆ 1.68. 12 ಎಂ.ಎಂ. ರಾಡಿನ ಥ್ರೆಡ್ 1.75. ಬೇಕೆಂದೇ ನಮಗಾಗಿ ಮಾಡಿಟ್ಟ ಹಾಗಿದೆ.

ಹೋಟೆಲಿನಿಂದ ಪಾರ್ಸೆಲ್ ಬರುವ ಅಲ್ಯುಮಿನಿಯಂ ಡಬ್ಬಿಯ ತಳವನ್ನು ಕತ್ತರಿಸಿ, ಚಮಚದ ಬೆನ್ನಿನಿಂದ ಉಜ್ಜಿ ಮಟ್ಟ ಮಾಡಿ. ಹಳೆಯ ಮೌಸ್ ಪ್ಯಾಡ್ ಮೇಲಿಟ್ಟು, ಚಪಾತಿ ಲಟ್ಟಿಸುವಂತೆ ರಾಡನ್ನು ಒತ್ತಿ ಒಂದೇ ಸಲ ಉರುಳಿಸಿ. ಹಿಂದೆ ಮುಂದೆ ಮಾಡಿದರೆ ಗೆರೆ ಮೇಲೆ ಗೆರೆ ಬಿದ್ದು ಕೆಟ್ಟಿತು. ಈಗ ಗಮನಿಸಿ: ಗೆರೆಗಳು ನೆಟ್ಟಗಿಲ್ಲ, ಮೂರು ಡಿಗ್ರಿಯಷ್ಟು ಓರೆ. ಥ್ರೆಡ್ ಸುರುಳಿಯಾಗಿರುವುದರಿಂದ ಓರೆ ಬಂದೇ ಬರುತ್ತದೆ. ಡಬ್ಬಿಯ ಅಂಚಿಗೆ ಸಮವಾಗಿ ಕತ್ತರಿಸಬೇಡಿ, ಗೆರೆಗೆ ಸಮವಾಗಿ ಕತ್ತರಿಸಿ. ಓರೆ ಮಾಯ.

ಸಿಮೆಂಟ್ ಶೀಟಾದರೆ 12 ಮಿ.ಮೀ. ಅಗಲ, 34 ಮಿ.ಮೀ. ಉದ್ದದ ತುಂಡುಗಳು. ಕೆಳಸಾಲಿನಿಂದ ಶುರು ಮಾಡಿ, ಮೇಲಿನ ಸಾಲು ಕೆಳಗಿನದರ ಮೇಲೆ 2 ಮಿ.ಮೀ. ಹತ್ತಬೇಕು, ಪಕ್ಕಕ್ಕೆ ಒಂದು ಅಲೆ. ಇಡೀ ಚಾವಣಿಗೆ ಒಂದೇ ಹಾಳೆ ಹೊದಿಸಿದರೆ ಅದು ಬಿಸ್ಕತ್ ಡಬ್ಬದ ಮುಚ್ಚಳದಂತೆ ಕಾಣುತ್ತದೆ. ನಡುನಡುವೆ ಬೆಳಕಿನ ಶೀಟಿಗೆ ಪ್ಲಾಸ್ಟಿಕ್ ಮುಚ್ಚಳದ ತುಂಡು ಸೇರಿಸಿ. ಕಳೆದ ವರ್ಷ ಬದಲಾಯಿಸಿದ್ದೇನೋ ಎಂಬಂತೆ ಒಂದೆರಡು ಶೀಟು ತಿಳಿಬೂದು ಇರಲಿ, ಉಳಿದವು ಕಪ್ಪಗೆ.

ಸೈಕ್ಲೋನ್, ಏಣಿ

ಬೀಜದ ಹೊಟ್ಟು ಬಿಡಿಸುವ ಹಲ್ಲರ್‌ನಿಂದ ಬರುವ ಹೊಟ್ಟು, ಧೂಳು ಹಿಡಿಯುವ ತಗಡಿನ ದೊಡ್ಡ ಆಲಿಕೆಯೇ ಸೈಕ್ಲೋನ್. 2 ಎಂ.ಎಲ್. ಸಿರಿಂಜಿನ ಕೊಳವೆ ಸುಮಾರು 10 ಮಿ.ಮೀ. ದಪ್ಪ, ನಿಜದಲ್ಲಿ ಮೂರಡಿಗೆ ತುಸು ಕಡಿಮೆ. ಕೆಳಗೆ ಮದುವೆ ಕಾರ್ಡು ಸುತ್ತಿದ ಆಲಿಕೆ ಅಂಟಿಸಿ. ಮಿಲ್ಲಿನಿಂದ ಬರುವ ಕೊಳವೆಗೆ ದಪ್ಪ ಕರೆಂಟ್ ವಯರು ಆದೀತು. ಅದನ್ನು ನೇರ ನಡುವಿಗೆ ಚುಚ್ಚಬೇಡಿ. ಗಾಳಿ ಒಳಗೆ ಸುತ್ತಬೇಕಲ್ಲ, ಅದಕ್ಕೇ ಕೊಳವೆ ಬದಿಯನ್ನು ಸವರಿಕೊಂಡು ಒಳಹೋಗುತ್ತದೆ. ಸುತ್ತುವಾಗ ಹೊಟ್ಟು ಗೋಡೆಗೆ ಬಡಿದು ಕೆಳಗೆ ಜಾರುತ್ತದೆ, ಗಾಳಿ ಮೇಲಿನ ಬಾಯಿಂದ ಹೊರಟುಹೋಗುತ್ತದೆ. ಕಾರ್ಖಾನೆ ಕಂಡವರು ಮೊದಲು ನೋಡುವುದು ಈ ಜೋಡಣೆಯನ್ನೇ.

ಏಣಿಗೆ ಮೋಟಾರ್ ವೈಂಡಿಂಗ್ ಅಂಗಡಿಯ ಗುಜರಿ ತಾಮ್ರದ ತಂತಿ. ಮೇಲಿನ ವಾರ್ನಿಷ್ ಕೆರೆದು, ಗ್ರಾಫ್ ಹಾಳೆಯ ಮೇಲೆ ಎರಡು ಬದಿ ಅಂಟುವ ಟೇಪು ಹಚ್ಚಿ, ಮೂರೂವರೆ ಮಿ.ಮೀ.ಗೊಂದು ಮೆಟ್ಟಿಲಿಟ್ಟು ಬೆಸುಗೆ ಹಾಕಿ.

ಕಣ, ಚೀಲ

ಪಾರ್ಚ್‌ಮೆಂಟ್ (ಹೊಟ್ಟು ಬಿಡಿಸದ ಕಾಫಿ ಬೀಜ) ಹರವಿದ ಕಣಕ್ಕೆ ಮೊದಲು ಚಿರೋಟಿ ರವೆ ಉದುರಿಸಿದ್ದೆ. ಬೀಜವೊಂದೊಂದೂ ತೆಂಗಿನಕಾಯಿ ಗಾತ್ರ ಕಂಡಿತು, ಮರುದಿನಕ್ಕೆ ಇರುವೆ ಸಾಲು. ಸೆಂಟಿಮೀಟರ್ ಉದ್ದದ ಬೀಜ ನಮ್ಮ ಲೆಕ್ಕದಲ್ಲಿ 0.11 ಮಿ.ಮೀ. 120 ನಂಬರಿನ ಉಪ್ಪುಕಾಗದದ ಕಣವೂ ಹೆಚ್ಚುಕಡಿಮೆ ಅಷ್ಟೇ. ಅದಕ್ಕೆ ಒಣಹುಲ್ಲಿನ ಬಣ್ಣ ಹಚ್ಚಿ ಚೌಕ ಕತ್ತರಿಸಿ ಅಂಟಿಸಿದರೆ ಕೆಲಸ ಮುಗಿಯಿತು.

ಚೀಲಕ್ಕೆ ಎಂ-ಸೀಲ್. 8 ಮಿ.ಮೀ. ಉದ್ದದ ಉಂಡೆ ಮಾಡಿ, ಬ್ಯಾಂಡೇಜ್ ಬಟ್ಟೆಯಿಂದ ಒತ್ತಿದರೆ ಗೋಣಿಯ ನೇಯ್ಗೆ ಮೂಡುತ್ತದೆ. ಹಸಿಯಿದ್ದಾಗಲೇ ಒಂದರ ಮೇಲೊಂದು ಪೇರಿಸಿ, ಕೆಳಗಿನದು ಭಾರಕ್ಕೆ ತಗ್ಗಬೇಕು.

ನೆಲಕ್ಕೆ ಫಿಲ್ಟರಿನ ಕಾಫಿ ಚರಟಕ್ಕಿಂತ ಒಳ್ಳೆಯ ಮಣ್ಣಿಲ್ಲ. ಆದರೆ ಬಾಣಲೆಯಲ್ಲಿ ಹುರಿದು ತೇವ ಪೂರ್ತಿ ತೆಗೆಯಿರಿ. ನಾನು ಬಿಸಿಲಿಗಿಟ್ಟದ್ದೇ ಸಾಕೆಂದುಕೊಂಡಿದ್ದೆ. ಆಷಾಢದ ಮಳೆಯಲ್ಲಿ ಸೈಡಿಂಗ್ ತುಂಬ ಬಿಳಿ ಬೂಷ್ಟು ಎದ್ದು, ಅಷ್ಟನ್ನೂ ಕೆರೆದು ತೆಗೆದೆ.

ಮಳೆಯ ಕಲೆ

ಕೊನೆಗೆ, ನೀರಾಗಿಸಿದ ಕಪ್ಪು ಅಕ್ರಿಲಿಕ್‌ಗೆ ತುಸು ಹಸಿರು ಬೆರೆಸಿ, ಸೂರಿನ ಕೆಳಗಿನಿಂದ ಗೋಡೆಗುಂಟ ಇಳಿಬಿಡಿ. ನಾಲ್ಕೂ ಗೋಡೆಗೆ ಒಂದೇ ಸಮ ಬೇಡ. ನಮ್ಮಲ್ಲಿ ಮಳೆ ಬಡಿಯುವುದು ಪಡುವಣದಿಂದ, ಆ ಗೋಡೆಯೇ ಹೆಚ್ಚು ಕಪ್ಪು. ಕುಂಚ ಅದ್ದುವ ಮುಂಚೆ ನಿಮ್ಮ ಮೇಜಿನಲ್ಲಿ ಪಡುವಣ ಯಾವ ಕಡೆ ಎಂದು ತೀರ್ಮಾನಿಸಿಕೊಳ್ಳಿ. ನನ್ನದರಲ್ಲಿ ಅದು ಅಡುಗೆಮನೆ ಬಾಗಿಲ ಕಡೆ.