ಅಡಿಕೆ ಸುಲಿದು ಸೊಂಟ ಹಿಡಿದವರಿಗೆ: ತಿಕ್ಕಿಸಿಕೊಂಡ ಮೇಲೆ ಮಾಡಬೇಕಾದದ್ದು

ಅಡಿಕೆ ಕೊನೆಕೊಯ್ಲಿನ ದಿನಗಳಲ್ಲಿ ಶಿರಸಿ ಸೀಮೆಯಲ್ಲಿ ಸೊಂಟ ಹಿಡಿಯದ ಮನೆ ಕಡಿಮೆ. ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ತಾಸುಗಟ್ಟಲೆ ಬಗ್ಗಿ ಕೂತವರು ರಾತ್ರಿ ಎಣ್ಣೆ ತಿಕ್ಕಿಸಿಕೊಂಡು ಮಲಗುತ್ತಾರೆ, ಬೆಳಗಾದರೆ ಮತ್ತೆ ಅದೇ ನೋವು. ತಿಕ್ಕುವುದರಿಂದ ನೋವು ಕೆಲ ಹೊತ್ತು ಇಳಿಯುತ್ತದೆ, ನಿಜ. ಆ ಹೊತ್ತನ್ನು ವ್ಯಾಯಾಮಕ್ಕೆ ಬಳಸದಿದ್ದರೆ ಅದು ವ್ಯರ್ಥ.

ಮೂತ್ರ ಕಟ್ಟಿದರೆ, ತೊಡೆಸಂದಿಯಲ್ಲಿ ಜೋಮು ಹಿಡಿದರೆ, ಪಾದ ಎತ್ತಲಾಗದಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ನೋವಿನ ಜೊತೆ ಜ್ವರ ಬಂದರೂ, ಕಾರಣವಿಲ್ಲದೆ ತೂಕ ಇಳಿದರೂ, ಮರದಿಂದ ಬಿದ್ದಿದ್ದರೂ ಯಾರಿಂದಲೂ ತಿಕ್ಕಿಸಬೇಡಿ, ವೈದ್ಯರಿಗೆ ತೋರಿಸಿ.

ಮೊದಲು ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯ ಶಾಖ, 15 ನಿಮಿಷ. ಆಮೇಲೆ ಹೊಟ್ಟೆಯಡಿ ತೆಳು ದಿಂಬಿಟ್ಟು ಬೋರಲು ಮಲಗಬೇಕು. ತಿಕ್ಕುವವರು ಉಗುರುಬೆಚ್ಚಗಿನ ಕೊಬ್ಬರಿ ಎಣ್ಣೆ ಹಚ್ಚಿ, ಅಂಗೈಯಿಂದ ಸೊಂಟದಿಂದ ಪಕ್ಕೆಲುಬಿನವರೆಗೆ ಮೂರ್ನಾಲ್ಕು ನಿಮಿಷ ನಿಧಾನಕ್ಕೆ ನೀವಲಿ. ನಂತರ ಬೆನ್ನುಮೂಳೆಯಿಂದ ಎರಡು ಬೆರಳು ಆಚೆ, ಸ್ನಾಯು ಗಂಟುಗಟ್ಟಿದ ಕಡೆ ಹೆಬ್ಬೆರಳಿನಿಂದ 20–30 ಸೆಕೆಂಡು ಒತ್ತಿ ಹಿಡಿಯಲಿ. ಉಸಿರು ಬಿಗಿಹಿಡಿಯುವಷ್ಟು ನೋವಾದರೆ ಒತ್ತಡ ಜಾಸ್ತಿಯಾಗಿದೆ, ಸ್ನಾಯು ಇನ್ನಷ್ಟು ಬಿಗಿಯುತ್ತದೆ. ಮೂಳೆಯ ಮೇಲೆ ಒತ್ತಬಾರದು. ಬೆನ್ನು ತುಳಿಸುವುದು, ಲಟಕ್ಕೆನ್ನಿಸುವುದು ಬೇಡವೇ ಬೇಡ. ವಯಸ್ಸಾದವರ ಸವೆದ ಮೂಳೆ ಮುರಿಯಬಹುದು.

ತಿಕ್ಕಿಸಿಕೊಂಡು ಎದ್ದ ಅರ್ಧ ಗಂಟೆಯೊಳಗೆ ವ್ಯಾಯಾಮ. ಅಂಗೈ, ಮಂಡಿ ಊರಿ ಬೆನ್ನನ್ನು ಮೇಲಕ್ಕೆ ಕೆಳಕ್ಕೆ ಆರು ಸಲ ಮೆಲ್ಲಗೆ ಆಡಿಸಿ. ಅದೇ ಭಂಗಿಯಲ್ಲಿ ಬಲಗೈ ಮುಂದಕ್ಕೆ, ಎಡಗಾಲು ಹಿಂದಕ್ಕೆ ಚಾಚಿ ಎಂಟು ಸೆಕೆಂಡು ನಿಲ್ಲಿ, ಬಳಿಕ ಬದಿ ಬದಲಿಸಿ. ಪ್ರತಿ ಬದಿಗೆ ಆರು ಸಲ. ತುಸು ಸುಧಾರಿಸಿಕೊಂಡು ನಾಲ್ಕು, ಆಮೇಲೆ ಎರಡು. ಎಲ್ಲರೂ ತಪ್ಪುವುದು ಇಲ್ಲೇ: ಕಾಲನ್ನು ಸೊಂಟಕ್ಕಿಂತ ಮೇಲೆತ್ತುತ್ತಾರೆ, ನಡು ಕುಸಿಯುತ್ತದೆ. ಸೊಂಟದ ಮೇಲೆ ಖಾಲಿ ಬಟ್ಟಲಿಟ್ಟು ನೋಡಿ, ಬಿದ್ದರೆ ನಡು ಹೊರಳುತ್ತಿದೆ ಎಂದರ್ಥ. ಕೊನೆಗೆ ಅಂಗಾತ ಮಲಗಿ ಮಂಡಿ ಮಡಚಿ ಸೊಂಟ ಎತ್ತುವುದು, ಐದು ಸೆಕೆಂಡಿನಂತೆ ಹತ್ತು ಸಲ. ತೊಡೆಯ ಹಿಂಭಾಗ ಸೆಳೆತ ಹಿಡಿದರೆ ಹಿಮ್ಮಡಿ ಹತ್ತಿರಕ್ಕೆ ತನ್ನಿ. ಇಷ್ಟರ ಜೊತೆ ದಿನಾ 20 ನಿಮಿಷ ಸಮತಟ್ಟಿನಲ್ಲಿ ನಡಿಗೆ.

ವ್ಯಾಯಾಮದಿಂದ ನೋವು ಕಾಲಿನಿಂದ ಸೊಂಟದ ಕಡೆ ಸರಿದರೆ ಮುಂದುವರಿಸಿ. ಕಾಲಿಗೆ ಇಳಿಯತೊಡಗಿದರೆ ಆ ವ್ಯಾಯಾಮ ನಿಲ್ಲಿಸಿ.

ರಾತ್ರಿ ಮಲಗಿದಾಗ ಬೆನ್ನಿನ ಡಿಸ್ಕುಗಳು (ಬೆನ್ನುಮೂಳೆಗಳ ನಡುವಿನ ಮೆತ್ತೆಗಳು) ನೀರು ಹೀರಿ ಉಬ್ಬಿರುತ್ತವೆ, ಬೆಳಿಗ್ಗೆ ಬಗ್ಗಿದರೆ ಅವುಗಳ ಮೇಲೆ ಹೆಚ್ಚು ಒತ್ತಡ. ಎದ್ದ ಕೂಡಲೇ ಕೊಟ್ಟಿಗೆಯ ಸಗಣಿ ಬಾಚುವ ಬದಲು ಒಂದು ತಾಸು ಬಿಟ್ಟು ಬಾಚಿ, ಅಥವಾ ಉದ್ದ ಹಿಡಿಯ ಸಲಿಕೆ ಬಳಸಿ. ಸುಲಿಯುವಾಗ ಅರ್ಧ ಗಂಟೆಗೊಮ್ಮೆ ಎದ್ದು, ಕೈಗಳನ್ನು ಸೊಂಟಕ್ಕಿಟ್ಟು ಐದಾರು ಸಲ ಹಿಂದಕ್ಕೆ ಬಾಗಿ.

ಸೊಂಟಪಟ್ಟಿಗೆ ದುಡ್ಡು ಹಾಕಬೇಡಿ. 2023ರ ಮಾರ್ಗಸೂಚಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೀರ್ಘಕಾಲದ ಸೊಂಟನೋವಿಗೆ ವ್ಯಾಯಾಮ, ಮಸಾಜ್ ಎರಡನ್ನೂ ಸೇರಿಸಿದೆ. ಪಟ್ಟಿ, ಟ್ರ್ಯಾಕ್ಷನ್ (ಬೆನ್ನನ್ನು ಎಳೆದು ಹಿಡಿಯುವ ಚಿಕಿತ್ಸೆ) ಬೇಡವೆಂದಿದೆ. ಆರು ವಾರ ಬಿಡದೆ ಮಾಡಿಯೂ ಬದಲಾಗದಿದ್ದರೆ ಫಿಸಿಯೋಥೆರಪಿಸ್ಟ್ ಬಳಿ ಹೋಗಿ, ನೀವು ಮಾಡುವ ರೀತಿಯನ್ನು ಅವರೆದುರೇ ಮಾಡಿ ತೋರಿಸಿ.